ಸೋತ ತಂಡ ಕೆಟ್ಟ ತಂಡವೇ? ಫುಟ್‌ಬಾಲ್, ಅದೃಷ್ಟ ಮತ್ತು ಲೆಕ್ಕಾಚಾರ

ಇವತ್ತಿನ ಮಾತು ಫುಟ್‌ಬಾಲ್ ಬಗ್ಗೆ. ಫುಟ್‌ಬಾಲ್ ನೋಡದವರು ಎದ್ದು ಹೋಗ್ಬೇಡಿ, ಯಾಕಂದ್ರೆ ಕೊನೆಗೆ ವಿಷಯ ನಮ್ಮ ಆಫೀಸಿನ ಅಪ್ರೈಸಲ್‌ವರೆಗೂ ಬರತ್ತೆ.

ಪ್ರಶ್ನೆ ಇಷ್ಟೇ. ಒಂದು ತಂಡ ಮೇಲಿಂದ ಮೇಲೆ ಸೋಲ್ತಾ ಇದೆ. ಅದು ನಿಜವಾಗ್ಲೂ ಕೆಟ್ಟದಾಗಿ ಆಡ್ತಿದೆಯಾ, ಅಥವಾ ಗ್ರಹಚಾರ ಸರಿ ಇಲ್ವಾ? ಪುಣೆಯಲ್ಲಿ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ರಾತ್ರಿ ಮ್ಯಾಚ್ ನೋಡೋಕೆ ಸೇರುವ ಗುಂಪಿನಲ್ಲಿ ಇದಕ್ಕೆ ಎರಡೇ ಉತ್ತರ. ನಮ್ಮ ತಂಡ ಸೋತ್ರೆ ಅದೃಷ್ಟ ಇಲ್ಲ, ಎದುರಾಳಿ ಸೋತ್ರೆ ಯೋಗ್ಯತೆ ಇಲ್ಲ! ಆದ್ರೆ ಇದನ್ನ ಅಳೆಯೋಕೆ ಸಾಧ್ಯ ಇದೆ. ಪೂರ್ತಿಯಾಗಿ ಅಲ್ಲ, ಆದ್ರೆ ಜಗಳ ಅರ್ಧ ಕಡಿಮೆ ಆಗುವಷ್ಟು.

ಡಾರ್ಟ್‌ಮಂಡ್ ಕಥೆ

ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ತಂಡ ಯುರ್ಗನ್ ಕ್ಲಾಪ್ ಕೈಯಲ್ಲಿ 2011 ಮತ್ತು 2012ರಲ್ಲಿ ಲೀಗ್ ಗೆದ್ದಿತ್ತು. 2013, 2014ರಲ್ಲಿ ಎರಡನೇ ಸ್ಥಾನ. ಆಮೇಲೆ ಬಂತು 2014-15ರ ಸೀಸನ್. ಚಳಿಗಾಲದ ಬಿಡುವಿನ ಹೊತ್ತಿಗೆ 17 ಮ್ಯಾಚ್ ಆಡಿ ಬರೀ 15 ಪಾಯಿಂಟ್. 18 ತಂಡಗಳ ಪಟ್ಟಿಯಲ್ಲಿ 17ನೇ ಜಾಗ. ಕ್ಲಾಪ್ ಕಥೆ ಮುಗೀತು ಅನ್ನೋ ಮಾತು ಎಲ್ಲೆಲ್ಲೂ ಶುರುವಾಯ್ತು. ಸೀಸನ್ ಕೊನೆಗೆ ಅವರು ತಂಡ ಬಿಟ್ಟರು ಕೂಡ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಅವರನ್ನ ಕರೆಸಿಕೊಂಡಿತು. ಲಿವರ್‌ಪೂಲ್‌ನಲ್ಲಿ ಇಯಾನ್ ಗ್ರಹಾಂ ಅಂತ ಒಬ್ಬರಿದ್ದರು, ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡಿದವರು, ಕ್ಲಬ್ಬಿನ ಡೇಟಾ ವಿಭಾಗದ ಮುಖ್ಯಸ್ಥರು. ಕ್ಲಾಪ್ ಬಂದ ಕೆಲವೇ ವಾರಗಳಲ್ಲಿ ಗ್ರಹಾಂ ಅವರ ಕೋಣೆಗೆ ಹೋಗಿ ಡಾರ್ಟ್‌ಮಂಡ್-ಮೈನ್ಜ್ ಪಂದ್ಯದ ಲೆಕ್ಕ ಬಿಚ್ಚಿಟ್ಟರಂತೆ. ಡಾರ್ಟ್‌ಮಂಡ್ 2-0ಯಿಂದ ಸೋತಿದ್ದ ಪಂದ್ಯ ಅದು. ಒಂದು ಪೆನಾಲ್ಟಿ ಮಿಸ್, ಜೊತೆಗೆ ಒಂದು ಸೆಲ್ಫ್ ಗೋಲು. ನೀವು ಸೋಲಬೇಕಾದ ಪಂದ್ಯವೇ ಅಲ್ಲ ಅಂತ ಗ್ರಹಾಂ ವಿವರಿಸಿದಾಗ, ಇವರು ಮ್ಯಾಚ್ ನೋಡಿರಬೇಕು ಅಂದುಕೊಂಡು ಕ್ಲಾಪ್ ಖುಷಿಯಾದರು. ಆದ್ರೆ ಗ್ರಹಾಂ ಆ ಪಂದ್ಯ ನೋಡೇ ಇರಲಿಲ್ಲ! ಅವರು ನೋಡಿದ್ದು ಡೇಟಾ ಮಾತ್ರ. ಅವರ ಮಾಡೆಲ್ ಪ್ರಕಾರ ಆ ಸೀಸನ್‌ನಲ್ಲೂ ಡಾರ್ಟ್‌ಮಂಡ್ ಜರ್ಮನಿಯ ಎರಡನೇ ಅತ್ಯುತ್ತಮ ತಂಡ.

ಸೀಸನ್‌ನ ಉಳಿದ 17 ಮ್ಯಾಚ್‌ಗಳಲ್ಲಿ ಡಾರ್ಟ್‌ಮಂಡ್ ಗಳಿಸಿದ್ದು 31 ಪಾಯಿಂಟ್. ಮೊದಲರ್ಧದ ಎರಡು ಪಟ್ಟು! ಕೊನೆಗೆ 7ನೇ ಸ್ಥಾನ. ಕ್ಲಾಪ್ ಲಿವರ್‌ಪೂಲ್‌ನಲ್ಲಿ 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಬರೀ ಪಾಯಿಂಟ್ ಪಟ್ಟಿ ನೋಡಿದ್ದರೆ ಅವರಿಗೆ ಆ ಕೆಲಸ ಸಿಗ್ತಿತ್ತಾ? ಯೋಚನೆ ಮಾಡಿ.

ಫುಟ್‌ಬಾಲ್‌ನಲ್ಲೇ ಯಾಕೆ ಇಷ್ಟು ಅದೃಷ್ಟ?

ಕಾರಣ ಸರಳ. ಗೋಲುಗಳು ತುಂಬಾ ಕಡಿಮೆ. ಪ್ರೊ ಕಬಡ್ಡಿಯಲ್ಲಿ ಎರಡೂ ತಂಡ ಸೇರಿ 60-70 ಪಾಯಿಂಟ್ ಆಗತ್ತೆ. ಒಂದು ರೇಡ್ ಹಾಳಾದ್ರೂ ಸರಿಮಾಡ್ಕೊಳ್ಳೋಕೆ ಅವಕಾಶ ಇರತ್ತೆ. ಫುಟ್‌ಬಾಲ್‌ನಲ್ಲಿ 90 ನಿಮಿಷಕ್ಕೆ ಎರಡೂ ತಂಡ ಸೇರಿ ಸರಾಸರಿ ಮೂರು ಗೋಲೂ ಆಗಲ್ಲ. ಸ್ಯಾಂಪಲ್ ಸಣ್ಣದಾದಷ್ಟೂ ಆಕಸ್ಮಿಕದ ಪಾಲು ದೊಡ್ಡದು.

ಒಂದು ಲೆಕ್ಕ ಮಾಡೋಣ. 'ಎ' ತಂಡ ಸರಾಸರಿ 2 ಗೋಲು ಹೊಡೆಯತ್ತೆ, 'ಬಿ' ತಂಡ ಸರಾಸರಿ 1. ಅಂದ್ರೆ 'ಎ' ಎರಡು ಪಟ್ಟು ಒಳ್ಳೇ ತಂಡ. ಕಾಲೇಜಿನಲ್ಲಿ ಓದಿದ ಪಾಯ್ಸನ್ ಡಿಸ್ಟ್ರಿಬ್ಯೂಶನ್ ನೆನಪಿದೆಯಲ್ವಾ? ಅದನ್ನ ಹಾಕಿ ನೋಡಿದ್ರೆ 100 ಪಂದ್ಯಗಳಲ್ಲಿ 'ಎ' ಗೆಲ್ಲೋದು ಸುಮಾರು 61. ಡ್ರಾ 21. 'ಬಿ' ಗೆಲ್ಲೋದು 18. ಎರಡು ಪಟ್ಟು ಒಳ್ಳೇ ತಂಡವೂ 100ರಲ್ಲಿ 39 ಸಲ ಗೆಲ್ಲಲ್ಲ! ನಂಬಿಕೆ ಬರದಿದ್ರೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಹತ್ತು ಸಾವಿರ ಸಲ ಓಡಿಸಿ ನೋಡಿ.

ಹಾಗಾಗಿ ಒಂದು ಮ್ಯಾಚ್ ಸೋತ ಮೇಲೆ "ಈ ಹುಡುಗರಿಗೆ ಆಡೋಕೇ ಬರಲ್ಲ" ಅನ್ನೋದಕ್ಕೆ ಆಧಾರ ಇಲ್ಲ. ಒಂದು ಮ್ಯಾಚ್ ಗೆದ್ದು "ಈ ಸಲ ಕಪ್ ನಮ್ದೇ" ಅನ್ನೋದಕ್ಕೂ ಇಲ್ಲ.

ಎಕ್ಸ್‌ಜಿ ಅಂದ್ರೇನು?

ಗೋಲು ಕಡಿಮೆ ಅಂದ್ಮೇಲೆ ಬೇರೆ ಏನು ಎಣಿಸಬಹುದು? ಅವಕಾಶಗಳನ್ನ ಎಣಿಸಬಹುದು. ಇದಕ್ಕೇ ಎಕ್ಸ್‌ಪೆಕ್ಟೆಡ್ ಗೋಲ್ಸ್, ಚಿಕ್ಕದಾಗಿ ಎಕ್ಸ್‌ಜಿ ಅಂತಾರೆ.

ಹಿಂದಿನ ಪಂದ್ಯಗಳ ಸಾವಿರಾರು ಶಾಟ್‌ಗಳ ಡೇಟಾ ಇರತ್ತೆ. ಎಷ್ಟು ದೂರದಿಂದ, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ, ಇವನ್ನೆಲ್ಲ ನೋಡಿ ಅಂಥ ಶಾಟ್‌ಗಳಲ್ಲಿ ಎಷ್ಟು ಗೋಲಾಗಿವೆ ಅಂತ ಲೆಕ್ಕ ಹಾಕ್ತಾರೆ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಗೋಲಾಗತ್ತೆ, ಹಾಗಾಗಿ ಅದರ ಬೆಲೆ 0.75ಕ್ಕಿಂತ ಸ್ವಲ್ಪ ಮೇಲೆ. 30 ಗಜ ದೂರದಿಂದ ಸಿಟ್ಟಿನಲ್ಲಿ ಬಾರಿಸಿದ ಶಾಟ್‌ಗೆ ತೀರಾ ಕಡಿಮೆ ಬೆಲೆ. ಎಲ್ಲ ಶಾಟ್‌ಗಳ ಬೆಲೆ ಕೂಡಿಸಿದ್ರೆ ತಂಡದ ಎಕ್ಸ್‌ಜಿ ಸಿಗತ್ತೆ.

ಒಂದು ತಂಡ 0.1 ಬೆಲೆಯ 15 ಶಾಟ್ ಹೊಡೀತು ಅನ್ಕೊಳ್ಳಿ. ಒಟ್ಟು ಎಕ್ಸ್‌ಜಿ 1.5. ಹಾಗಿದ್ರೂ ಒಂದೂ ಗೋಲಾಗದೇ ಇರುವ ಸಾಧ್ಯತೆ 0.9ರ 15ನೇ ಘಾತ, ಅಂದ್ರೆ ಸುಮಾರು 100ಕ್ಕೆ 21. ಐದು ಪಂದ್ಯಕ್ಕೊಂದು ಸಲ ಏನೂ ತಪ್ಪು ಮಾಡದೇ ಸೊನ್ನೆ!

ಇದಕ್ಕೂ ಮಿತಿ ಇದೆ. ಸಾಮಾನ್ಯ ಎಕ್ಸ್‌ಜಿಗೆ ಹೊಡೆಯುತ್ತಿರೋದು ಮೆಸ್ಸಿಯೋ ಹೊಸ ಹುಡುಗನೋ ಗೊತ್ತಿರಲ್ಲ. ಮೂರು ಗೋಲು ಮುಂದಿರುವ ತಂಡ ಹಿಂದೆ ಸರಿದು ಆಡತ್ತೆ, ಆಗ ಎದುರಾಳಿಯ ಎಕ್ಸ್‌ಜಿ ಸುಮ್ಮನೆ ಏರತ್ತೆ. ಹಾಗಾಗಿ ಒಂದೇ ಪಂದ್ಯದ ಎಕ್ಸ್‌ಜಿ ಹಿಡಿದು ವಾದ ಮಾಡ್ಬೇಡಿ. ಹತ್ತು ಹನ್ನೆರಡು ಪಂದ್ಯದ್ದು ಒಟ್ಟಿಗೆ ನೋಡಿ, ಆಗ ಅದು ಮಾತಾಡೋಕೆ ಶುರು ಮಾಡತ್ತೆ.

ಇಡೀ ಸೀಸನ್‌ನಲ್ಲಿ ಅದೃಷ್ಟ ಸಮ ಆಗಲ್ವಾ?

ಕಾಮೆಂಟರಿಯಲ್ಲಿ ಇದನ್ನ ಕೇಳೇ ಇರ್ತೀರಿ, ಕೊನೆಗೆ ಎಲ್ಲ ಸಮ ಆಗತ್ತೆ ಅಂತ. ಆಗಲ್ಲ. ಸತತ ಐದು ಸಲ ಹೆಡ್ಸ್ ಬಿದ್ದ ನಾಣ್ಯಕ್ಕೆ ಟೇಲ್ಸ್ ಸಾಲ ಇರಲ್ಲ. ಪಂದ್ಯಗಳು ಹೆಚ್ಚಾದ ಹಾಗೆ ಹಿಂದಿನ ದುರದೃಷ್ಟದ ಪಾಲು ತೆಳುವಾಗತ್ತೆ, ಅಷ್ಟೇ. ಕಳೆದುಹೋದ ಪಾಯಿಂಟ್ ವಾಪಸ್ ಬರಲ್ಲ.

ಎಷ್ಟು ತೆಳುವಾಗತ್ತೆ? ಮಧ್ಯಮ ದರ್ಜೆಯ ತಂಡ ತಗೊಳ್ಳಿ. ಗೆಲ್ಲುವ ಸಾಧ್ಯತೆ 37, ಡ್ರಾ 26, ಸೋಲು 37. 38 ಪಂದ್ಯಕ್ಕೆ ಸರಾಸರಿ 52 ಪಾಯಿಂಟ್ ಬರಬೇಕು. ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ ಹಾಕಿದ್ರೆ ಸುಮಾರು 8. ಅಂದ್ರೆ ಅದೇ ಆಟಗಾರರು, ಅದೇ ಕೋಚ್, ಅದೇ ಮಟ್ಟದ ಆಟ, ಆದ್ರೂ ಒಂದು ವರ್ಷ 44, ಇನ್ನೊಂದು ವರ್ಷ 60. ಒಂದರಲ್ಲಿ ಕೋಚ್ ಕೆಲಸಕ್ಕೆ ಕುತ್ತು, ಇನ್ನೊಂದರಲ್ಲಿ ಸನ್ಮಾನ.

ಈಗ ಲೆಸ್ಟರ್ ಸಿಟಿ ನೋಡಿ. 2014-15ರಲ್ಲಿ 41 ಪಾಯಿಂಟ್. 2015-16ರಲ್ಲಿ 81 ಪಾಯಿಂಟ್, ಚಾಂಪಿಯನ್. ಸೀಸನ್ ಶುರುವಿನಲ್ಲಿ ಬುಕ್ಕಿಗಳು ಅವರ ಮೇಲೆ 1ಕ್ಕೆ 5000 ಕೊಡ್ತಿದ್ದರು. 2016-17ರಲ್ಲಿ ಮತ್ತೆ 44 ಪಾಯಿಂಟ್. ಪ್ರಶಸ್ತಿ ತಂದುಕೊಟ್ಟ ಕೋಚ್ ಕ್ಲಾಡಿಯೊ ರಾನಿಯೇರಿಯನ್ನ ಒಂಬತ್ತೇ ತಿಂಗಳಲ್ಲಿ ಮನೆಗೆ ಕಳಿಸಿದರು. ಹಾಗಂತ ಎಲ್ಲಾ ಅದೃಷ್ಟ ಅನ್ನೋದೂ ತಪ್ಪು. ನಮ್ಮ ಲೆಕ್ಕದ 8 ಪಾಯಿಂಟ್ ಆಚೀಚೆಯಲ್ಲಿ 41ರಿಂದ 81ಕ್ಕೆ ಜಿಗಿಯೋಕೆ ಆಗಲ್ಲ. ವಾರ್ಡಿ, ಮಹ್ರೆಜ್, ಕಾಂಟೆ ನಿಜವಾಗ್ಲೂ ಅದ್ಭುತವಾಗಿ ಆಡಿದರು. ಕಾಂಟೆ ಮರುವರ್ಷ ಚೆಲ್ಸಿಗೆ ಹೋದರು, ಚೆಲ್ಸಿ ಚಾಂಪಿಯನ್ ಆಯ್ತು! ಯೋಗ್ಯತೆ ಇದ್ದವರಿಗೆ ಅದೃಷ್ಟವೂ ಕೂಡಿ ಬಂದ ವರ್ಷ ಅದು.

ಇದಕ್ಕೆ ತದ್ವಿರುದ್ಧ ಉದಾಹರಣೆ ಲಿವರ್‌ಪೂಲ್‌ದು. 2018-19ರಲ್ಲಿ 97 ಪಾಯಿಂಟ್ ಗಳಿಸಿಯೂ ಎರಡನೇ ಸ್ಥಾನ, ಯಾಕಂದ್ರೆ ಮ್ಯಾಂಚೆಸ್ಟರ್ ಸಿಟಿಗೆ 98. ಜನವರಿ 3ರಂದು ಈ ಇಬ್ಬರ ಪಂದ್ಯದಲ್ಲಿ ಚೆಂಡು ಗೆರೆ ಪೂರ್ತಿ ದಾಟೋಕೆ ಸುಮಾರು 11 ಮಿಲಿಮೀಟರ್ ಬಾಕಿ ಇದ್ದಾಗ ಜಾನ್ ಸ್ಟೋನ್ಸ್ ಒದ್ದು ಆಚೆ ಹಾಕಿದರು. ಸಿಟಿ 2-1ರಿಂದ ಗೆದ್ದಿತು. ಲಿವರ್‌ಪೂಲ್ ಅಭಿಮಾನಿಯಾಗಿ ಈ 11 ಮಿಲಿಮೀಟರ್ ನನಗೆ ಇವತ್ತಿಗೂ ಚುಚ್ಚತ್ತೆ!

ನಮ್ಮ ಬೆಂಗಳೂರಿಗೂ ಆಗಿದೆ

ಚೆನ್ನೈನಲ್ಲಿರುವ ಕನ್ನಡಿಗರು ಇದಕ್ಕಾಗಿ ಎಷ್ಟು ಗೇಲಿ ಕೇಳಿಸ್ಕೊಂಡಿದ್ದೀರೋ ಗೊತ್ತಿಲ್ಲ. 2017-18ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಲ್ಲಿ 40 ಪಾಯಿಂಟ್ ಗಳಿಸಿ ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಆದ್ರೆ ಕಪ್ ನಿರ್ಧಾರ ಆಗೋದು ಫೈನಲ್‌ನಲ್ಲಿ. 2018ರ ಮಾರ್ಚ್ 17, ಕಂಠೀರವ ಸ್ಟೇಡಿಯಂ. ಸುನಿಲ್ ಛೇತ್ರಿ ಮೊದಲ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಎರಡು ಹೆಡರ್ ಹಾಕಿದರು. ಪಂದ್ಯ 3-2ಕ್ಕೆ ಚೆನ್ನೈಯಿನ್ ಪಾಲಾಯ್ತು.

ಆ ವರ್ಷದ ಒಳ್ಳೇ ತಂಡ ಯಾವುದು? 18 ಪಂದ್ಯಗಳ ಸಾಕ್ಷಿ ಒಂದು ಪಂದ್ಯದ ಸಾಕ್ಷಿಗಿಂತ ದೊಡ್ಡದು. ಮರುವರ್ಷ ಬೆಂಗಳೂರು ಮತ್ತೆ ಪಟ್ಟಿಯಲ್ಲಿ ಮೊದಲು ಬಂದು ಕಪ್ಪನ್ನೂ ಗೆದ್ದಿತು, ಚೆನ್ನೈಯಿನ್ ಕೊನೆಯ ಸ್ಥಾನಕ್ಕೆ ಇಳಿಯಿತು. ಆದ್ರೂ ಕಪ್ ಚೆನ್ನೈಯಿನ್‌ದೇ, ಅದರಲ್ಲಿ ಮೋಸ ಇಲ್ಲ. ಕಪ್ ಯಾರದ್ದು ಅನ್ನೋದು ಒಂದು ಪ್ರಶ್ನೆ, ಒಳ್ಳೇ ತಂಡ ಯಾವುದು ಅನ್ನೋದು ಬೇರೆ ಪ್ರಶ್ನೆ.

ಲೆಕ್ಕವೂ ದಾರಿ ತಪ್ಪಿಸತ್ತೆ

ಅಂಕಿ-ಅಂಶ ಅಂದ ತಕ್ಷಣ ಸತ್ಯ ಅಂದ್ಕೋಬೇಡಿ. ಚಾರ್ಲ್ಸ್ ರೀಪ್ ಅನ್ನೋ ಬ್ರಿಟಿಷ್ ವಾಯುಪಡೆಯ ಅಧಿಕಾರಿ 1950ರಿಂದ ಪೆನ್ಸಿಲ್ ಹಿಡಿದು ಪಾಸ್‌ಗಳನ್ನ ಎಣಿಸೋಕೆ ಶುರು ಮಾಡಿದರು. ಸುಮಾರು 80 ಶೇಕಡಾ ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಿಂದ ಬರತ್ತೆ, ಆದ್ದರಿಂದ ಉದ್ದುದ್ದ ಒದೆಯಿರಿ ಅಂತ ತೀರ್ಮಾನಿಸಿದರು. ಇಂಗ್ಲೆಂಡಿನಲ್ಲಿ ದಶಕಗಟ್ಟಲೆ ಕೋಚ್‌ಗಳು ಇದನ್ನ ನಂಬಿದರು. ತಪ್ಪೆಲ್ಲಿ? ಒಟ್ಟು ಆಟದಲ್ಲಿ 90 ಶೇಕಡಾಕ್ಕಿಂತ ಹೆಚ್ಚು ದಾಳಿಗಳು ಮೂರು ಪಾಸ್ ಒಳಗೇ ಮುಗಿಯತ್ವೆ. 90ರಿಂದ 80 ಗೋಲು, ಉಳಿದ 10ರಿಂದ 20 ಗೋಲು. ಅಂದ್ರೆ ಹೆಚ್ಚು ಪಾಸ್ ಮಾಡಿದ ದಾಳಿಗಳೇ ಹೆಚ್ಚು ಫಲ ಕೊಟ್ಟಿದ್ದವು! ರೀಪ್ ಎಣಿಸಿದ್ದು ಸರಿ, ಭಾಗಿಸೋದು ಮರೆತರು.

ಕೋಚ್ ಬದಲಾಯಿಸಿದ್ರೆ ತಂಡ ಚೇತರಿಸ್ಕೊಳ್ಳತ್ತೆ ಅನ್ನೋದೂ ಇದೇ ಥರ. ಬಾಸ್ ಟರ್ ವೀಲ್ ಅನ್ನೋ ಅರ್ಥಶಾಸ್ತ್ರಜ್ಞ 1986ರಿಂದ 2004ರವರೆಗಿನ ಡಚ್ ಲೀಗ್ ಪರಿಶೀಲಿಸಿದರು. ಕೋಚ್ ತೆಗೆದ ಮೇಲೆ ಫಲಿತಾಂಶ ಸುಧಾರಿಸಿತ್ತು, ನಿಜ. ಆದ್ರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚನ್ನ ಉಳಿಸಿಕೊಂಡ ತಂಡಗಳೂ ಹಾಗೇ ಸುಧಾರಿಸಿದ್ದವು. ತೀರಾ ಕೆಳಗಿದ್ದದ್ದು ಸರಾಸರಿ ಕಡೆಗೆ ಬರೋದು ಸಹಜ, ಆದ್ರೆ ಅದರ ಹೆಸರು ಹೊಸ ಕೋಚ್‌ಗೆ ಹೋಗತ್ತೆ.

ಇನ್ನು ಅಪ್ರೈಸಲ್

ಇಬ್ಬರು ಎಂಜಿನಿಯರ್‌ಗಳು. ಇಬ್ಬರೂ ಒಂದೇ ಥರ ಟೆಸ್ಟ್ ಬರೀತಾರೆ, ರಿವ್ಯೂ ಮಾಡ್ತಾರೆ. ಒಬ್ಬರ ಆನ್-ಕಾಲ್ ವಾರದಲ್ಲೇ ಬೇರೆ ಯಾರದ್ದೋ ಸಿಸ್ಟಮ್ ಬಿದ್ದು ಪ್ರೊಡಕ್ಷನ್ ಮಲಗತ್ತೆ. ಇನ್ನೊಬ್ಬರ ವಾರ ಶಾಂತವಾಗಿ ಕಳೆಯತ್ತೆ. ವರ್ಷದ ಕೊನೆಗೆ ರೇಟಿಂಗ್ ಯಾರಿಗೆ ಕಡಿಮೆ ಬರತ್ತೆ ಅಂತ ನಿಮಗೆ ಗೊತ್ತು. ಊರು ಬಿಟ್ಟು ಬಂದು, ಬಾಡಿಗೆ ಕಟ್ಟಿ, ಮನೆಗೆ ದುಡ್ಡು ಕಳಿಸೋ ಮನುಷ್ಯನಿಗೆ ಆ ಒಂದು ರೇಟಿಂಗ್ ಸಣ್ಣ ವಿಷಯ ಅಲ್ಲ.

ನಿಮ್ಮ ಕೈಕೆಳಗೆ ನಾಲ್ಕು ಜನ ಇದ್ರೆ ಫಲಿತಾಂಶದ ಜೊತೆ ಅವರ ಎಕ್ಸ್‌ಜಿಯನ್ನೂ ಕೇಳಿ. ಅಪಾಯ ಮೊದಲೇ ಗುರುತಿಸಿದ್ರಾ? ರೋಲ್‌ಬ್ಯಾಕ್ ಸಿದ್ಧ ಇತ್ತಾ? ಇದೇ ಪರಿಸ್ಥಿತಿ ಹತ್ತು ಸಲ ಬಂದ್ರೆ ಇವರು ಎಷ್ಟು ಸಲ ಸರಿಯಾಗಿ ನಿಭಾಯಿಸ್ತಾರೆ? ಹಾಗೇ ನಮಗೆ ನಾವು "ನನ್ನ ನಸೀಬು ಸರಿ ಇಲ್ಲ" ಅಂದುಕೊಳ್ಳುವಾಗಲೂ ಪುರಾವೆ ಬೇಕು. ಡಾರ್ಟ್‌ಮಂಡ್ ಹತ್ತಿರ ಆ ಪುರಾವೆ ಇತ್ತು, ಅವರು ಅವಕಾಶ ಸೃಷ್ಟಿಸ್ತಾನೇ ಇದ್ದರು. ಶಾಟ್ ಹೊಡೆಯದೇ ಅದೃಷ್ಟ ಬೈದ್ರೆ ಲೆಕ್ಕ ನಿಮ್ಮ ಪರ ನಿಲ್ಲಲ್ಲ.

ಮುಂದಿನ ವಾರ ನಿಮ್ಮ ತಂಡ ಸೋತ್ರೆ ಕೋಚ್ ಮೇಲೆ ಟ್ವೀಟ್ ಮಾಡೋ ಮೊದಲು ಮೂರು ವಿಷಯ ನೋಡಿ: ಎಷ್ಟು ಒಳ್ಳೇ ಅವಕಾಶ ಸೃಷ್ಟಿಸಿದ್ರು, ಎದುರಾಳಿಗೆ ಎಷ್ಟು ಬಿಟ್ಟುಕೊಟ್ರು, ಕಳೆದ ಹತ್ತು ಪಂದ್ಯಗಳಲ್ಲಿ ಇದು ಹೇಗಿತ್ತು. ಮೂರೂ ಕೆಟ್ಟದಾಗಿದ್ರೆ ಧಾರಾಳವಾಗಿ ಬೈಯಿರಿ.