ನಿಮಗಿದು ಗೊತ್ತೇ? ಜರ್ಮನಿಯ ವಧು, ಮಿನೆಸೋಟದ ಹೊಲ

• ಅಮೆರಿಕದ ಸ್ವತಂತ್ರ ಚಿತ್ರ ‘ಸ್ವೀಟ್ ಲ್ಯಾಂಡ್’ನ (2005) ಮುಖ್ಯ ಕತೆ ಶುರುವಾಗುವುದೇ ಮದುವೆಯೊಂದು ನಿಂತುಹೋಗುವುದರಿಂದ. ವರ ಓಲಾಫ್ ಮಿನೆಸೋಟದಲ್ಲಿ ಬೇಸಾಯ ಮಾಡುವ ನಾರ್ವೆಯವನು. ನಾರ್ವೆಯಲ್ಲಿರುವ ಅವನ ಹೆತ್ತವರು ಗೊತ್ತುಮಾಡಿ ಕಳಿಸಿದ ಹುಡುಗಿ ಇಂಗೆ ಜರ್ಮನಿಯವಳು. ಇಸವಿ 1920, ಜರ್ಮನಿಯ ಜತೆಗಿನ ಯುದ್ಧ ಮುಗಿದು ಎರಡು ವರ್ಷವೂ ತುಂಬಿಲ್ಲ. ಪಾದ್ರಿ ಮದುವೆ ಮಾಡಿಸಲು ಒಪ್ಪುವುದಿಲ್ಲ. ಅವಳ ಬಳಿ ಸರಿಯಾದ ಕಾಗದಪತ್ರವಿಲ್ಲದ್ದರಿಂದ ಸರ್ಕಾರಿ ಕಚೇರಿಯಲ್ಲೂ ಕೆಲಸವಾಗುವುದಿಲ್ಲ.

• ಚಿತ್ರದ ಜರ್ಮನ್ ಮತ್ತು ನಾರ್ವೇಜಿಯನ್ ಮಾತುಗಳಿಗೆ ಸಬ್‌ಟೈಟಲ್ ಕೊಟ್ಟಿಲ್ಲ. ಇಂಗೆಯ ಮಾತು ಆ ಊರಿಗೆ ಅರ್ಥವಾಗದಷ್ಟೇ ನಮಗೂ ಅರ್ಥವಾಗುವುದಿಲ್ಲ. ನಿರ್ದೇಶಕರ ಈ ಧೈರ್ಯ ನನಗೆ ತುಂಬ ಇಷ್ಟ.

• ಆ ನಿರ್ದೇಶಕ ಅಲಿ ಸಲೀಂ ಈಜಿಪ್ಟ್ ಮೂಲದ ಅಮೆರಿಕನ್. ಅದುವರೆಗೆ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದವರು. ವಿಲ್ ವೀವರ್ ಅವರ ‘ಎ ಗ್ರೇವ್‌ಸ್ಟೋನ್ ಮೇಡ್ ಆಫ್ ವೀಟ್’ ಎಂಬ ಸಣ್ಣಕತೆಯನ್ನು 1989ರಲ್ಲಿ ಓದಿದರು. ಕ್ಯಾಮೆರಾ ಮುಂದೆ ಅದು ಬಂದದ್ದು 2004ರಲ್ಲಿ, ಮಿನೆಸೋಟದ ಮಾಂಟೆವಿಡಿಯೊ ಊರಿನ ಸುತ್ತಮುತ್ತ. ಹದಿನೈದು ವರ್ಷ ಒಂದೇ ಕತೆಯನ್ನು ಕೈಬಿಡದೆ ಹಿಡಿದುಕೊಂಡದ್ದಕ್ಕೆ 2007ರಲ್ಲಿ ಫಲ ಸಿಕ್ಕಿತು: ಚೊಚ್ಚಲ ಚಿತ್ರಕ್ಕೆ ಕೊಡುವ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ.

• ಹಾಸ್ಯ ಪಾತ್ರಗಳಿಗೆ ಹೆಸರಾದ ನಟ ಅಲನ್ ಕಮ್ಮಿಂಗ್ ಇಲ್ಲಿ ಓಲಾಫ್‌ನ ಗೆಳೆಯ ಫ್ರಾಂಡ್ಸನ್. ನಿರ್ಮಾಪಕರಲ್ಲೂ ಒಬ್ಬರು.

• ಊರು ದೂರವಿಟ್ಟಾಗ ಇಂಗೆ ಮತ್ತು ಓಲಾಫ್ ಇಬ್ಬರೇ ಮೆಕ್ಕೆಜೋಳದ ಕೊಯ್ಲಿಗೆ ಇಳಿಯುತ್ತಾರೆ. ಆ ಕಾಲದಲ್ಲಿ ಕೈಯಿಂದ ತೆನೆ ಮುರಿಯುವವರು ಅಂಗೈಗೊಂದು ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ಕಬ್ಬಿಣದ ಸಣ್ಣ ಕೊಕ್ಕೆ. ಕೊಕ್ಕೆಯಿಂದ ತೆನೆಯ ಸಿಪ್ಪೆ ಸೀಳಿ, ಬುಡ ತಿರುಚಿ ಮುರಿದು, ಪಕ್ಕದಲ್ಲೇ ಸಾಗುವ ಕುದುರೆ ಗಾಡಿಗೆ ಎಸೆಯಬೇಕು. ಗಾಡಿಯ ಆಚೆ ಬದಿಗೆ ಎತ್ತರದ ಹಲಗೆ ನಿಲ್ಲಿಸಿರುತ್ತಿದ್ದರು, ಎಸೆದ ತೆನೆ ಅದಕ್ಕೆ ಬಡಿದು ಒಳಗೆ ಬೀಳಲಿ ಎಂದು. ಬೆಳಗಿನಿಂದ ಸಂಜೆಯವರೆಗೂ ಇದೇ ಕೆಲಸ. ತಾಳಿ, ಉಂಗುರ ಯಾವುದೂ ಇಲ್ಲದೆ ಎರಡು ಜೀವ ಒಂದಾಗುವುದನ್ನು ಹೊಲದಲ್ಲಿ ತೋರಿಸಿರುವುದೇ ಈ ಚಿತ್ರದ ಹೆಚ್ಚುಗಾರಿಕೆ.

• ಜರ್ಮನರ ಮೇಲಿನ ಆ ಸಿಟ್ಟನ್ನು ಸಿನಿಮಾದವರು ಕಟ್ಟಿದ್ದಲ್ಲ. ಇದೇ ಮಿನೆಸೋಟದ ಲುವರ್ನ್ ಬಳಿಯ ಜರ್ಮನ್ ಮೂಲದ ರೈತ ಜಾನ್ ಮೈಂಟ್ಸ್‌ರನ್ನು ಯುದ್ಧನಿಧಿಗೆ ಬೆಂಬಲ ಕೊಡಲಿಲ್ಲವೆಂದು ಆರೋಪಿಸಿ 1918ರ ಆಗಸ್ಟ್‌ನಲ್ಲಿ ಮುಸುಕುಧಾರಿಗಳು ಹೊತ್ತೊಯ್ದರು, ಹೊಡೆದರು, ಮೈಗೆ ಡಾಂಬರು ಬಳಿದು ಹಕ್ಕಿಪುಕ್ಕ ಅಂಟಿಸಿದರು. ಅವರ ಬೆನ್ನಿನ ಫೋಟೊ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇದೆ.

• ಪಕ್ಕದ ಅಯೋವಾದಲ್ಲಿ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಹೊರಡಿಸಿದ ಆಜ್ಞೆಯ ಪ್ರಕಾರ ರೈಲಿನಲ್ಲಿ, ಟೆಲಿಫೋನಿನಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿರಲಿಲ್ಲ. ಇಂಗ್ಲಿಷ್ ಬಾರದವರು ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಬೇಕಿತ್ತು.

• ನೆಬ್ರಾಸ್ಕದ ಶಿಕ್ಷಕ ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ತಪ್ಪಿಗೆ 25 ಡಾಲರ್ ದಂಡಕ್ಕೆ ಗುರಿಯಾದರು. ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಿ 1923ರಲ್ಲಿ ಗೆದ್ದರು.

• ಇಂಗೆ ಬಂದ ಕಾಲಕ್ಕೆ ಅಮೆರಿಕದ ಕಾನೂನು ಹೀಗಿತ್ತು: ಪೌರನನ್ನು ಮದುವೆಯಾದ ಪರದೇಶಿ ಹೆಣ್ಣು ಸಾಮಾನ್ಯವಾಗಿ ತಾನಾಗಿಯೇ ಪೌರಳಾಗುತ್ತಿದ್ದಳು. 1855ರಿಂದಲೇ ಇದ್ದ ನಿಯಮವಿದು. ಹಾಗಾಗಿ ಪಾದ್ರಿಯ ಒಂದು ‘ಇಲ್ಲ’ ಹೆಣ್ಣಿನ ಗಂಡನನ್ನಷ್ಟೇ ಅಲ್ಲ, ದೇಶವನ್ನೂ ಕಿತ್ತುಕೊಳ್ಳಬಹುದಿತ್ತು.

• ಇದೇ ಕಾನೂನಿನ ಇನ್ನೊಂದು ಮುಖ ಇನ್ನೂ ಕ್ರೂರ. 1907ರಿಂದ, ಪರದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಕ್ಯಾಲಿಫೋರ್ನಿಯಾದ ಎಥೆಲ್ ಮೆಕೆಂಜಿ 1909ರಲ್ಲಿ ಬ್ರಿಟಿಷ್ ಗಾಯಕನೊಬ್ಬನ ಕೈಹಿಡಿದರು. 1911ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಹೆಸರು ನೋಂದಾಯಿಸಲು ಹೋದರೆ ‘ನೀವು ಈ ದೇಶದವರಲ್ಲ’ ಎಂಬ ಉತ್ತರ. ಹುಟ್ಟಿದ್ದು ಅಲ್ಲೇ, ಬೆಳೆದದ್ದು ಅಲ್ಲೇ, ಗಂಡನೊಂದಿಗೆ ಬಾಳುತ್ತಿದ್ದದ್ದೂ ಅಲ್ಲೇ! ಕಾನೂನು ಗೊತ್ತಿದ್ದೂ ಸ್ವಇಚ್ಛೆಯಿಂದ ಮದುವೆಯಾದದ್ದರಿಂದ ಪೌರತ್ವವನ್ನೂ ತಾನೇ ಬಿಟ್ಟುಕೊಟ್ಟಂತೆ ಎಂದು 1915ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ತೀರ್ಪು ಓದಿದಾಗ ಇಂದಿಗೂ ಮೈ ಉರಿಯುತ್ತದೆ.

• ಕಾಣದ ವರನಿಗಾಗಿ ಕಡಲು ದಾಟಿದವಳು ಇಂಗೆಯೊಬ್ಬಳೇ ಅಲ್ಲ. ಫೋಟೊ ನೋಡಿ ಗಂಡನನ್ನು ಒಪ್ಪಿ, ಅವನ ಊರಿನ ಬಂದರಿನಲ್ಲಿ ಮೊದಲ ಬಾರಿ ಅವನ ಮುಖ ಕಂಡ ಜಪಾನಿ ವಧುಗಳು ಸಾವಿರಾರು. ಹವಾಯಿಯ ಕಬ್ಬಿನ ಗದ್ದೆಗಳಲ್ಲಿ ಅವರು ಪಟ್ಟ ಪಾಡನ್ನು ನಿರ್ದೇಶಕಿ ಕಾಯೊ ಹಟ್ಟ ‘ಪಿಕ್ಚರ್ ಬ್ರೈಡ್’ ಎಂಬ ಚಿತ್ರವಾಗಿಸಿದರು. 1995ರಲ್ಲಿ ಸನ್‌ಡಾನ್ಸ್ ಉತ್ಸವದ ಪ್ರೇಕ್ಷಕರ ಪ್ರಶಸ್ತಿ ಅದಕ್ಕೇ ಬಂತು. ಜಪಾನಿನ ನಿರ್ದೇಶಕ ಕುರೊಸಾವಾ ಅವರ ಚಿತ್ರಗಳ ನಟ ಮಿಫುನೆ ಇದರಲ್ಲೊಂದು ಸಣ್ಣ ಪಾತ್ರದಲ್ಲಿ ಬಂದು ಹೋಗುತ್ತಾರೆ.

• ಮದುವೆ, ವಲಸೆ, ಕಾನೂನುಗಳ ಈ ಸಿಕ್ಕಿನಲ್ಲಿ ನಮ್ಮವರ ಕತೆಯೂ ಇದೆ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕೆ ಹೋದ ಪಂಜಾಬಿ ಗಂಡಸರು ಊರಿನಿಂದ ಹೆಣ್ಣು ತರುವಂತಿರಲಿಲ್ಲ, ಬಿಳಿಯರನ್ನು ಮದುವೆಯಾಗಲು ಅಲ್ಲಿನ ಕಾನೂನು ಅಡ್ಡ. ಹಲವರು ಮೆಕ್ಸಿಕೊ ಮೂಲದ ಹೆಂಗಸರನ್ನು ವರಿಸಿದರು. ಇಬ್ಬರ ಮೈಬಣ್ಣವೂ ಒಂದೇ ತರಹ ಕಂಡರೆ ಗುಮಾಸ್ತರು ಮದುವೆಯ ಪರವಾನಗಿ ಬರೆದುಕೊಡುತ್ತಿದ್ದರು. ಹೆಚ್ಚಿನ ಮನೆಗಳಲ್ಲಿ ಅಪ್ಪ ಸಿಖ್, ಅಮ್ಮ ಕ್ಯಾಥೊಲಿಕ್, ಮಕ್ಕಳ ಮನೆಮಾತು ಸ್ಪ್ಯಾನಿಷ್.

• 1922ರ ಕೇಬಲ್ ಕಾಯ್ದೆ ಹೆಂಗಸರ ಪೌರತ್ವವನ್ನು ಬಹುಮಟ್ಟಿಗೆ ಗಂಡನಿಂದ ಬಿಡಿಸಿತು. ಆದರೆ ಜನಾಂಗದ ಕಾರಣಕ್ಕೆ ಪೌರತ್ವಕ್ಕೆ ‘ಅನರ್ಹ’ನಾದವನನ್ನು ಮದುವೆಯಾದರೆ ಹಳೆಯ ಶಿಕ್ಷೆಯೇ. ಮರುವರ್ಷ, ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಆ ಅನರ್ಹರ ಸಾಲಿಗೇ ಸೇರಿದರು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರ ಅಮೆರಿಕನ್ ಹೆಂಡತಿ ಮೇರಿ ದಾಸ್ ತಮ್ಮ ನೆಲದಲ್ಲೇ ದೇಶವಿಲ್ಲದವರಾದರು. ಅವರು ಸುಮ್ಮನಿರಲಿಲ್ಲ, 1926ರಲ್ಲಿ ‘ದಿ ನೇಷನ್’ ಪತ್ರಿಕೆಯಲ್ಲಿ ತಮ್ಮ ಪಾಡನ್ನು ಬರೆದರು. ಆ ನಿಯಮ ರದ್ದಾದದ್ದು 1931ರಲ್ಲಿ. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1946ರಲ್ಲಿ, ಅದರ ಜತೆ ವರ್ಷಕ್ಕೆ ಸುಮಾರು 100 ಮಂದಿಯಷ್ಟೇ ವಲಸೆ ಬರಬಹುದೆಂಬ ಮಿತಿ.