ಆಷಾಢದಲ್ಲಿ ಹೊರಟ ಗಿಟಾರು

ಮಂಚದ ಮೇಲೆ ಹಳೆಯ ಪಂಚೆ ಹಾಸಿ ಅದನ್ನು ಅಂಗಾತ ಮಲಗಿಸಿದ್ದೆ. ಲಗ್ಗೆರೆಯ ನಮ್ಮ ಬಾಡಿಗೆ ಮನೆಗೆ ಇರುವುದು ಒಂದೇ ಕಿಟಕಿ. ಅಲ್ಲಿಂದ ಬಂದ ಮೋಡದ ಬೆಳಕು ಗಿಟಾರಿನ ಕೆಂಪು ಮೈಮೇಲೆ ಬಿದ್ದಿತ್ತು. ಬಲಗೈ ಒರಗುವ ಮೇಲಂಚಿನಲ್ಲಿ ಮಾತ್ರ ಆ ಕೆಂಪು ಪೂರ್ತಿ ಹೋಗಿ ಮರ ಕಾಣುತ್ತಿತ್ತು. ಹದಿನಾರು ವರ್ಷ ಬೆವರು ಕುಡಿದ ಮರ, ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆನ್ನ ತುಂಬ ಬೆಲ್ಟಿನ ಬಕಲ್ ಗೀಚಿದ ಗೆರೆಗಳು. ತಲೆಯ ಕಡೆ, ಬಿರಡೆಗಳ ಹತ್ತಿರ, ಕಡಲೆಕಾಳಿನಷ್ಟು ದೊಡ್ಡ ಸುಟ್ಟ ಕಲೆ. ವಿದೇಶಿ ವಾದಕರ ಗಿಟಾರುಗಳಲ್ಲಿ ಅದೇ ಜಾಗದಲ್ಲಿ ಸಿಗರೇಟಿನ ಕಲೆ ಇರುವುದನ್ನು ಚಿತ್ರಗಳಲ್ಲಿ ನೋಡಿದ್ದೇನೆ. ನನ್ನದು ಊದುಬತ್ತಿಯದು. ಆರ್ಕೆಸ್ಟ್ರಾ ಶುರುವಾಗುವುದು ಗಣಪತಿಯ ಹಾಡಿನಿಂದ. ಅದು ಮುಗಿಯುವವರೆಗೆ ತಂತಿಯ ತುದಿಗೆ ಒಂದು ಊದುಬತ್ತಿ ಸಿಕ್ಕಿಸಿ ನುಡಿಸುವುದು ನಾನು ಬಿಡದೆ ಇಟ್ಟುಕೊಂಡು ಬಂದ ಪದ್ಧತಿ.

ಹಳೇ ಟೂತ್‌ಬ್ರಷ್ಷಿನಿಂದ ಬ್ರಿಡ್ಜಿನ ಸ್ಕ್ರೂಗಳನ್ನು ತಿಕ್ಕುತ್ತಾ ಕೂತಿದ್ದೆ. ಸ್ಕ್ರೂ ತಲೆಗಳ ಸೀಳಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ವರ್ಷವರ್ಷ ಆಯುಧಪೂಜೆಗೆ ಹೆಂಡತಿ ಇಟ್ಟದ್ದು. ಒದ್ದೆಯಾದ ಕುಂಕುಮ ಪಂಚೆಗೆ ಹತ್ತಿ ಹರಡಿತು. ಎರಡು ಸ್ಕ್ರೂ ಆದಮೇಲೆ ಬ್ರಷ್ಷು ಕೆಳಗಿಟ್ಟೆ. ಉಳಿದದ್ದು ಅದರ ಜೊತೆಗೇ ಹೋಗಲಿ.

"ರೀ, ಆಷಾಢದಲ್ಲಿ ಸರಸ್ವತೀನ ಮನೆಯಿಂದ ಕಳಿಸ್ತೀರಾ?" ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು ಕೇಳಿದಳು.

ಶ್ರಾವಣಕ್ಕೆ ಇನ್ನು ಎಂಟೇ ದಿನವಿತ್ತು. ಆದರೆ ಕೊಳ್ಳುವ ಹುಡುಗ ಅವತ್ತು ಸಂಜೆಯ ಬಸ್ಸಿಗೆ ಹಾಸನಕ್ಕೆ ಹೊರಡುವವನು. ಮಾರನೇ ದಿನ, 2020ರ ಜುಲೈ 14ರ ರಾತ್ರಿಯಿಂದ, ಬೆಂಗಳೂರಿಗೆ ಮತ್ತೊಂದು ವಾರ ಲಾಕ್‌ಡೌನ್. ನಮ್ಮ ಬೀದಿಯಲ್ಲೇ ಬೆಳಗಿನಿಂದ ಮೂರು ಆಟೋ ಬಂದು ಗಂಟುಮೂಟೆ ಹೇರಿಕೊಂಡು ಮೆಜೆಸ್ಟಿಕ್ಕಿಗೆ ಹೋಗಿದ್ದವು. ಅವಳಿಗೆ ಉತ್ತರ ಕೊಡಲಿಲ್ಲ. ಅವಳೂ ಎರಡನೇ ಸಲ ಕೇಳಲಿಲ್ಲ. ಗಾರ್ಮೆಂಟ್ಸಿನಲ್ಲಿ ಅವಳ ಕೆಲಸ ನಿಂತು ಎರಡು ತಿಂಗಳಾಗಿತ್ತು. ಅಕ್ಕಿ ಡಬ್ಬದ ತಳ ನನಗಿಂತ ಮೊದಲು ಅವಳಿಗೇ ಕಾಣುತ್ತಿತ್ತು.

ಆರ್ಕೆಸ್ಟ್ರಾದವರಿಗೆ ವರ್ಷದ ಕೂಳು ಕಟ್ಟಿಕೊಡುವುದು ಎರಡು ಸುಗ್ಗಿ. ಯುಗಾದಿಯಿಂದ ಮೇ ಕೊನೆವರೆಗಿನ ಜಾತ್ರೆ, ರಾಮನವಮಿ, ಊರಹಬ್ಬ, ಮದುವೆ ಒಂದು. ಗಣಪತಿ ಕೂರಿಸಿದ ದಿನದಿಂದ ನವೆಂಬರಿನ ರಾಜ್ಯೋತ್ಸವ ಮುಗಿಯುವವರೆಗಿನದು ಇನ್ನೊಂದು. ಆ ಮಾರ್ಚಿ 13ರಂದು ಮದುವೆ, ಸಮಾರಂಭ, ಸಿನಿಮಾ ಎಲ್ಲ ಒಂದು ವಾರ ಬಂದ್ ಎಂದು ಸರ್ಕಾರ ಹೇಳಿದಾಗ, ಒಂದು ವಾರ ತಾನೇ ಅಂದುಕೊಂಡೆವು. ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನವೇ ಯುಗಾದಿ. ನನ್ನ ಡೈರಿಯಲ್ಲಿ ಏಪ್ರಿಲ್-ಮೇ ತಿಂಗಳ ಹತ್ತೊಂಬತ್ತು ತಾರೀಖುಗಳಿಗೆ ಸುತ್ತು ಹಾಕಿದ್ದೆ. ರಾತ್ರಿಗೆ 1,500 ರೂಪಾಯಿ. ಒಂದೊಂದೇ ಸುತ್ತಿನ ಮೇಲೆ ಗೀಟು ಎಳೆದೆ. ಮೇ ತಿಂಗಳಲ್ಲಿ ಮದುವೆಗಳಿಗೆ ಅನುಮತಿ ಬಂತು, ಐವತ್ತು ಜನರಿಗೆ. ಐವತ್ತು ಜನರ ಮದುವೆಗೆ ಆರ್ಕೆಸ್ಟ್ರಾ ಯಾರು ಕರೆಯುತ್ತಾರೆ? ಕೀಬೋರ್ಡಿನವನು ತರಕಾರಿ ಗಾಡಿ ಇಟ್ಟ. ರಿದಂ ಪ್ಯಾಡಿನವನು ಮಳವಳ್ಳಿ ಕಡೆಯ ತನ್ನ ಊರಿಗೆ ಹೋದ.

ಈ ಗಿಟಾರು ನನ್ನ ಕೈಗೆ ಬಂದದ್ದು 2004ರಲ್ಲಿ, ಗಲ್ಫಿಗೆ ಹೊರಟಿದ್ದ ಒಬ್ಬ ವಾದಕರಿಂದ, 9,500 ರೂಪಾಯಿಗೆ. ಸ್ಕ್ವಯರ್ ಸ್ಟ್ರಾಟೊಕಾಸ್ಟರ್, ಫೆಂಡರ್ ಕಂಪನಿಯವರೇ ಕಡಿಮೆ ಬೆಲೆಗೆ ಮಾರುವ ಹೆಸರು ಅದು. ಈ ಆಕಾರವನ್ನು ಲಿಯೊ ಫೆಂಡರ್ ಹೊರತಂದದ್ದು 1954ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆತ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಬಿಚ್ಚಿ ಕಟ್ಟುವವರಿಗೆ ಇಷ್ಟು ಒಗ್ಗುವ ಗಿಟಾರು ಬೇರೆ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಕುತ್ತಿಗೆಯೇ ನಾಲ್ಕು ಸ್ಕ್ರೂವಿನಲ್ಲಿ ಕೂತಿದೆ. ಒಂದು ಸ್ಕ್ರೂಡ್ರೈವರ್, ಒಂದು ಬೆಸುಗೆ ಕಡ್ಡಿ ಇದ್ದರೆ ಸಾಕು.

ಮೊದಲು ಬದಲಾಯಿಸಿದ್ದು ಬ್ರಿಡ್ಜಿನ ಪಕ್ಕದ ಪಿಕಪ್ಪು. ಗಣಪತಿ ಪೆಂಡಾಲಿನಲ್ಲಿ ನುಡಿಸಿದವರಿಗೆ ಕಾರಣ ಹೇಳಬೇಕಾಗಿಲ್ಲ. ಲಾರಿಯ ಬೆನ್ನೇ ಸ್ಟೇಜು. ಹಿಂದೆ ಹತ್ತು ಅಡಿಯಲ್ಲಿ ಜನರೇಟರು ಗುಡುಗುತ್ತಿರುತ್ತದೆ, ತಲೆ ಮೇಲೆ ಸೀರಿಯಲ್ ಸೆಟ್ಟುಗಳು ಹತ್ತಿ ಆರುತ್ತಿರುತ್ತವೆ. ಸ್ಟ್ರಾಟೊಕಾಸ್ಟರಿನ ಪಿಕಪ್ಪು ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ಒಂದೇ ತಾಮ್ರದ ಸುರುಳಿ. ತಂತಿಯ ಕಂಪನದ ಜೊತೆಗೆ ಸುತ್ತಲಿನ ಕರೆಂಟನ್ನೂ ಅದು ಎಳೆದುಕೊಳ್ಳುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತದ್ದು; ಸ್ವರ ಮಾಡಿ ಕೇಳಿದರೆ ಜಿ ಸ್ವರಕ್ಕಿಂತ ಕೂದಲೆಳೆ ಮೇಲೆ ಬರುತ್ತದೆ. ಗಾಯಕಿ ಎಫ್ ಶಾರ್ಪಿನಲ್ಲಿ ಹಾಡು ಎತ್ತಿಕೊಂಡಾಗ ಕೆಳಗಡೆ ಈ ಗುಂಯ್ ಬಿಡದೆ ನಿಂತಿದ್ದರೆ ಹೊಟ್ಟೆ ತೊಳಸುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೆ ಮದ್ದು ಕಂಡುಹಿಡಿದರು: ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸುವುದು. ಎರಡರ ಗುಂಯ್ ಒಂದನ್ನೊಂದು ನುಂಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಂಡು ದಪ್ಪವಾಗುತ್ತದೆ. ಅಂಥ ಹಂಬಕರ್ ಒಂದನ್ನು ಕೂರಿಸಲು ನಾನು ಮರವನ್ನೇ ಕೆತ್ತಿಸಿದೆ.

ಆದರೆ ಆ ದಪ್ಪ ನಾದ ಎಲ್ಲ ಹಾಡಿಗೂ ಒಗ್ಗುವುದಿಲ್ಲ. ಜಿ. ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರು ಹಿಡಿದು ಬೆಳೆದ ಇಳಯರಾಜ ಮುಂದೆ ನಮ್ಮ 'ಗೀತಾ', 'ಪಲ್ಲವಿ ಅನುಪಲ್ಲವಿ' ಚಿತ್ರಗಳಿಗೆ ಸಂಗೀತ ಕೊಟ್ಟರಲ್ಲ, ಅಲ್ಲಿನ ಗಿಟಾರಿಗೆ ತೆಳುವಾದ, ನೀರಿನಂಥ ನಾದವೇ ಬೇಕು. ಅದಕ್ಕೆ ಎಸ್.ಪಿ. ರೋಡಿನಲ್ಲಿ ಒಂದು ಚಿಕ್ಕ ಸ್ವಿಚ್ಚು ಕೊಂಡು ತಂದು ನಾಬುಗಳ ನಡುವೆ ತೂತು ಕೊರೆದು ಹಾಕಿದೆ. ಮೇಲಕ್ಕಿದ್ದರೆ ಎರಡು ಸುರುಳಿ, ಕೆಳಕ್ಕೆ ಒತ್ತಿದರೆ ಒಂದೇ. ಕೆಳಕ್ಕೆ ಒತ್ತಿದಾಗ ಗುಂಯ್ ವಾಪಸ್ಸು ಬರುತ್ತದೆ, ಅದನ್ನು ಸಹಿಸಬೇಕು.

ಇನ್ನೊಂದು ಕೆಲಸಕ್ಕೆ ಎಲ್ಲರೂ ಬೈದರು. 12ನೇ ಫ್ರೆಟ್ಟಿನಿಂದ ಮೇಲಕ್ಕೆ, ಫ್ರೆಟ್ಟು ಫ್ರೆಟ್ಟಿನ ನಡುವಿನ ಮರವನ್ನು ದೋಣಿಯ ಒಳಮೈಯಂತೆ ತೋಡಿಸಿದೆ. ಬಡ ತಂಡದಲ್ಲಿ ವೀಣೆಯವರು ಇರುವುದಿಲ್ಲ, ನಾದಸ್ವರದವರು ಇರುವುದಿಲ್ಲ. ಆ ಬಿಟ್‌ಗಳೆಲ್ಲ ಗಿಟಾರಿನ ಪಾಲಿಗೆ ಬೀಳುತ್ತವೆ. ವೀಣೆಯಲ್ಲಿ ಬೆರಳು ಹಲಗೆಗೆ ತಾಗುವುದೇ ಇಲ್ಲ. ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದು ಗಮಕ ತೆಗೆಯುತ್ತಾರೆ. ಶಕ್ತಿ ತಂಡದ ಜಾನ್ ಮ್ಯಾಕ್‌ಲಾಫ್ಲಿನ್ ತಮ್ಮ ಗಿಟಾರನ್ನು ಹಾಗೆ ತೋಡಿಸಿಕೊಂಡದ್ದು ಗೊತ್ತಿತ್ತು. ದೊಡ್ಡಬಳ್ಳಾಪುರದ ಹತ್ತಿರದ ಸಿಂಪಾಡಿಪುರ ವೀಣೆ ಮಾಡುವವರ ಊರು. ಆ ಕೆಲಸ ಬಲ್ಲ ಒಬ್ಬ ಆಚಾರ್ರು ಸಿಕ್ಕಿದರು. ಮೂರು ದಿನ ಅರ್ಧಚಂದ್ರದ ಅರದಲ್ಲಿ ಉಜ್ಜಿದರು. "ವೀಣೇನೇ ತಗೋಬಹುದಿತ್ತಲ್ಲಪ್ಪಾ" ಅಂದರು, ಕಾಸು ಮಾತ್ರ ಕಡಿಮೆ ತಗೊಂಡರು. ಆ ವರ್ಷ ಕನಕಪುರದ ಕಡೆ ಒಂದು ಊರಹಬ್ಬದಲ್ಲಿ, ರಾತ್ರಿ ಎರಡು ಗಂಟೆಗೆ, ಮೂರನೇ ತಂತಿ ಎಳೆದು ನಾದಸ್ವರದ ಬಿಟ್ ನುಡಿಸಿದಾಗ, ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ಎದ್ದು ನಿಂತು ಸ್ಟೇಜಿನ ಹಿಂದೆ ಇಣುಕಿ ನೋಡಿದ. ಓಲಗದವರು ಎಲ್ಲಿ ಕೂತಿದ್ದಾರೆ ಎಂದು ಹುಡುಕುತ್ತಿದ್ದ. ನನಗೆ ಸಿಕ್ಕ ಬಹುಮಾನಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇದನ್ನೆಲ್ಲ ಬಳೇಪೇಟೆಯ ಅಂಗಡಿಯಲ್ಲಿ ಹೇಳುವಂತಿರಲಿಲ್ಲ. ಜೂನ್ ಕೊನೆಗೆ ತೋರಿಸಲು ಹೋಗಿದ್ದೆ. ಅವರು ಗಿಟಾರನ್ನು ತಿರುಗಿಸಿ ನೋಡಿ, ತೋಡಿದ ಜಾಗದ ಮೇಲೆ ಹೆಬ್ಬೆರಳಾಡಿಸಿ, "ಬಿಚ್ಚಿದ್ದೀರಿ, ಕೊರೆದಿದ್ದೀರಿ. 6,000 ಕೊಡಬಹುದು" ಎಂದರು. ಅವರ ಲೆಕ್ಕ ತಪ್ಪಲ್ಲ. ಮುಟ್ಟದೆ ಇಟ್ಟ ಗಿಟಾರಿಗೇ ಸಂತೆಯಲ್ಲಿ ಬೆಲೆ. ನುಡಿಸುವವನು ತನಗೆ ಬೇಕಾದ ಹಾಗೆ ತಿದ್ದಿದಷ್ಟೂ ಅದು ಅವನೊಬ್ಬನದೇ ಆಗುತ್ತದೆ, ಇನ್ನೊಬ್ಬರಿಗೆ ಬೇಡವಾಗುತ್ತದೆ. ಅದೇ ಜೂನ್ 20ರಂದು ಅಮೆರಿಕದಲ್ಲಿ ಕರ್ಟ್ ಕೋಬೇನ್ 1993ರಲ್ಲಿ ನುಡಿಸಿದ್ದ ಮಾರ್ಟಿನ್ ಗಿಟಾರು 60 ಲಕ್ಷ ಡಾಲರಿಗೆ ಹರಾಜಾಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೋಟಿ ರೂಪಾಯಿ. ಎಡಗೈಗೆ ಒಗ್ಗುವಂತೆ ಆತ ತಿದ್ದಿಸಿಕೊಂಡ ಗಿಟಾರು ಅದು. ಎರಿಕ್ ಕ್ಲಾಪ್ಟನ್ ಹಲವು ಹಳೇ ಗಿಟಾರುಗಳ ಭಾಗ ಸೇರಿಸಿ ಕಟ್ಟಿಕೊಂಡ 'ಬ್ಲ್ಯಾಕಿ' 2004ರಲ್ಲಿ 9,59,500 ಡಾಲರಿಗೆ ಹೋಗಿತ್ತು. ಬ್ಯಾಗು ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲಿಳಿಯುವಾಗ ನನಗೆ ಅಸೂಯೆ ಆಗಲಿಲ್ಲ. ಆ ಗಿಟಾರುಗಳ ಮೇಲಿನ ಸವೆತವನ್ನು ಓದಬಲ್ಲವರು ಲಕ್ಷಾಂತರ ಜನ ಇದ್ದಾರೆ. ನನ್ನದನ್ನು ಓದಬಲ್ಲವರು ಲಗ್ಗೆರೆಯಿಂದ ಮಳವಳ್ಳಿಯವರೆಗೆ ನಾಲ್ಕೇ ಜನ, ನಾಲ್ವರ ಜೇಬೂ ಬರಿದು.

ಹುಡುಗ ಹನ್ನೊಂದು ಗಂಟೆಗೆ ಬಂದ. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರಂತೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿಟ್ಟಿದ್ದ ನೀರಿನಲ್ಲಿ ಕೈ ತೊಳೆದು, ಮಾಸ್ಕು ಸರಿಮಾಡಿಕೊಂಡು ಮಂಚದ ತುದಿಯಲ್ಲಿ ಕೂತ. ಗಿಟಾರನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಸುಟ್ಟ ಕಲೆ ನೋಡಿದ. ತೋಡಿದ ಮರ ನೋಡಿದ.

"ಮುಟ್ಟಬಹುದಾ ಅಣ್ಣ?"

ಆ ಮಾತಿಗೇ ನಾನು ಅರ್ಧ ಸೋತೆ.

ಎತ್ತಿ ತೊಡೆಯ ಮೇಲಿಟ್ಟುಕೊಂಡ. ಮೊದಲು ತೆಗೆದ ಸ್ವರವೇ ಶ್ರುತಿ ಬಿಟ್ಟು ಮೇಲಕ್ಕೆ ಹೋಯಿತು. ತೋಡಿದ ಹಲಗೆಯಲ್ಲಿ ಬೆರಳು ಸ್ವಲ್ಪ ಬಿರುಸಾಗಿ ಒತ್ತಿದರೂ ಹಾಗಾಗುತ್ತದೆ. ಅವನು ಕೈ ತೆಗೆದು ನನ್ನ ಮುಖ ನೋಡಿದ. "ಹೂವು ಹಿಡಿದ ಹಾಗೆ" ಅಂದೆ. ಮತ್ತೆ ಇಟ್ಟ. ಈ ಸಲ ಸ್ವರ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದಳು. ಬೇರೆಯವರ ಕೈಯಲ್ಲಿ ಅದರ ನಾದ ಕೇಳಿದ್ದು ನನಗೂ ಹದಿನಾರು ವರ್ಷದಲ್ಲಿ ಅದೇ ಮೊದಲು. ನುಡಿಸುವಾಗ ನಾನು ಯಾವತ್ತೂ ಅದರ ಹಿಂದೆ ಇರುತ್ತಿದ್ದೆ. ಎದುರಿಗೆ ಕೂತು ಕೇಳಿದರೆ ಅದರ ದನಿ ಇಷ್ಟು ಮೆತ್ತಗಿದೆ ಎಂದು ತಿಳಿದೇ ಇರಲಿಲ್ಲ.

ನಾನು 20,000 ಹೇಳಿದ್ದೆ. ಅವನ ಹತ್ತಿರ 13,000 ಇತ್ತು. ಚೌಕಾಸಿ ಮಾಡಲಿಲ್ಲ, ಇರುವುದು ಇಷ್ಟೇ ಎಂದು ತೋರಿಸಿದ. ತಗೊಂಡೆ. ಬಾಕಿಯಿದ್ದ ಮೂರು ತಿಂಗಳ ಬಾಡಿಗೆಯಲ್ಲಿ ಒಂದೂವರೆ ತಿಂಗಳದ್ದು ಅದರಲ್ಲಿ ತೀರಿತು. ಬ್ಯಾಗಿನ ಕಿಸೆಯಲ್ಲಿ ಎರಡು ಜೊತೆ ಹೊಸ ತಂತಿ, ಅರ್ಧ ಸವೆದ ಐದಾರು ಪ್ಲೆಕ್ಟ್ರಮ್ ಇದ್ದವು, ಅವನ್ನೂ ಬಿಟ್ಟೆ. ಹೆಂಡತಿ ಹೊರಗೆ ಬಂದು, ಮಾತಾಡದೆ, ಬ್ಯಾಗಿನ ಜಿಪ್ಪು ಎಳೆಯುವ ಮುಂಚೆ ಅದರ ತಲೆಗೆ ಒಂದು ಬೊಟ್ಟು ಕುಂಕುಮ ಇಟ್ಟು ಒಳಗೆ ಹೋದಳು. ಹುಡುಗ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಸ್ಕೂಟರ್ ಹತ್ತಿದ. ಸಣ್ಣಗೆ ಸೋನೆ ಹಿಡಿದಿತ್ತು. ತಿರುವಿನಲ್ಲಿ ನಿಲ್ಲಿಸಿ, ತನ್ನ ಮಳೆಕೋಟು ತೆಗೆದು ಬ್ಯಾಗಿಗೆ ಹೊದಿಸಿದ್ದು ಕಾಣಿಸಿತು.

ಅವತ್ತು ಒಂದು ವಿಷಯ ಹೇಳಲು ಮರೆತಿದ್ದೆ.

ಸೆಪ್ಟೆಂಬರ್ 25ರ ಮಧ್ಯಾಹ್ನ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದ ಸುದ್ದಿ ಬಂತು. ಸಂಜೆಯ ಹೊತ್ತಿಗೆ ನಮ್ಮ ಬೀದಿಯ ಮನೆಮನೆಯಲ್ಲೂ ಅವರ ದನಿಯೇ. ಒಂದೊಂದು ಕಿಟಕಿಯಲ್ಲಿ ಒಂದೊಂದು ಹಾಡು. ಆರ್ಕೆಸ್ಟ್ರಾದ ನಾವೆಲ್ಲ ಅವರ ಹಾಡುಗಳಿಂದಲೇ ಅನ್ನ ತಿಂದವರು. ಕೀಬೋರ್ಡಿನವನು ಫೋನ್ ಮಾಡಿ, ಮಾತು ಬರದೆ ಇಟ್ಟುಬಿಟ್ಟ. ನಾನು ಮಂಚದ ಮೇಲೆ ಕೂತಿದ್ದೆ. ಎಡಗೈ ಬೆರಳ ತುದಿಗಳ ಗಟ್ಟಿ ಚರ್ಮ ಆಗಲೇ ಸುಲಿಯಲು ಶುರುವಾಗಿತ್ತು.

ರಾತ್ರಿ ಎಂಟಕ್ಕೆ ಹಾಸನದಿಂದ ಫೋನ್ ಬಂತು.

"ಅಣ್ಣ, 'ಗೀತಾ' ಚಿತ್ರದ್ದು ನುಡಿಸೋಣ ಅಂತ ಕೂತಿದ್ದೀನಿ. ಸ್ವರ ಎಲ್ಲ ಬಂತು, ಆ ಸೌಂಡ್ ಬರ್ತಿಲ್ಲ."

"ನಾಬುಗಳ ಮಧ್ಯೆ ಒಂದು ಸಣ್ಣ ಸ್ವಿಚ್ ಇದೆ ನೋಡು. ಕೆಳಕ್ಕೆ ಒತ್ತು."

ಒತ್ತಿದ. ಫೋನಿನಲ್ಲೇ ಕೇಳಿಸಿತು, ಆ ಗುಂಯ್.

"ಏನೋ ಶಬ್ದ ಬರ್ತಿದೆ ಅಣ್ಣ. ಕೆಟ್ಟೋಯ್ತಾ?"

"ಇಲ್ಲಪ್ಪ. ಟ್ಯೂಬ್‌ಲೈಟ್ ಆರಿಸು."

ಅವನು ಎದ್ದು ಹೋದ ಸದ್ದು, ಟಪ್ ಎಂದು ಸ್ವಿಚ್ಚಿನ ಸದ್ದು. ಗುಂಯ್ ಇಳಿಯಿತು. ಆ ಕಡೆ ಕತ್ತಲಲ್ಲಿ ಅವನು ತಡವಿಕೊಂಡು ಬಂದು ಕೂತ.