ಮನೆಯಲ್ಲಿ ರಕ್ತದೊತ್ತಡದ ಪರೀಕ್ಷೆ

ಇಳಕಲ್ಲಿನ ನೇಕಾರರೊಬ್ಬರು ಮೊಬೈಲಿನ ಕ್ಯಾಮರಾದ ಮೇಲೆ ಬೆರಳಿಟ್ಟು, ಅದು ತೋರಿಸಿದ ಅಂಕೆಯನ್ನೇ ರಕ್ತದೊತ್ತಡವೆಂದು ನಂಬಿ, ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿದ್ದರು. ಈ ಭ್ರಾಂತಿಯ ಮೂಲವನ್ನು ವಿಚಾರಿಸುವುದು ಅವಶ್ಯವಾಗಿದೆ.

ನಾಡಿಯ ಗತಿ ಬೇರೆ, ರಕ್ತದ ಒತ್ತಡ ಬೇರೆ. ಶಾರ್ಙ್ಗಧರಸಂಹಿತೆಯಲ್ಲಿ ನಾಡೀಪರೀಕ್ಷೆ ಉಕ್ತವಾಗಿದೆ; ಅಲ್ಲಿ ನಾಡಿಯ ಗತಿಯನ್ನು ಪ್ರಾಣಿಗಳ ನಡಿಗೆಗೆ ಹೋಲಿಸಿದೆಯಲ್ಲದೆ ಒತ್ತಡವನ್ನು ಅಂಕೆಯಿಂದ ಅಳೆದಿಲ್ಲ. ಬೆರಳತುದಿಯ ಬೆಳಕಿನ ಏರಿಳಿತದಿಂದ ಮೊಬೈಲು ಗ್ರಹಿಸುವುದೂ ಮುಖ್ಯವಾಗಿ ಈ ಗತಿಯನ್ನೇ. ಒತ್ತಡವನ್ನು ಅಳೆಯಬೇಕಾದರೆ ಅದಕ್ಕೆ ಪ್ರತಿಯಾದ ಒತ್ತಡವನ್ನು ಹಾಕಬೇಕು. ೧೮೯೬ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಗಾಳಿಯೂದಿದುದೂ, ೧೯೦೫ರಲ್ಲಿ ರಷ್ಯದ ಕೊರೊಟ್ಕೊವ್ ಆ ಪಟ್ಟಿಯ ಕೆಳಗೆ ನಾಡಿಯ ಶಬ್ದವನ್ನಾಲಿಸಿದುದೂ ಇದೇ ತತ್ತ್ವದಿಂದ. ಇಂದಿನ ವಿದ್ಯುದ್ಯಂತ್ರವು ಶಬ್ದಕ್ಕೆ ಬದಲು ಪಟ್ಟಿಯಲ್ಲಿನ ಕಂಪನವನ್ನು ಗ್ರಹಿಸುತ್ತದೆ.

ಆದುದರಿಂದ ಆ್ಯಪಿಗೆ ಒಪ್ಪುವುದು ಲೆಕ್ಕ ಬರೆಯುವ ಕುಲಕರ್ಣಿಕೆ. ಯಂತ್ರದ ಅಂಕೆಗಳನ್ನು ದಿನಾಂಕಸಹಿತವಾಗಿ ಕಾಯ್ದಿಟ್ಟರೆ, ಬಾದಾಮಿ ಹುನಗುಂದಗಳ ಹಳ್ಳಿಯವರು ಬಾಗಲಕೋಟೆಯ ವೈದ್ಯರ ಮುಂದೆ ಬಾಯಿಮಾತಿಗೆ ಬದಲು ವಾರದ ದಾಖಲೆಯನ್ನೇ ಇಡಬಹುದು. ಮನೆಯ ಅಂಕೆಗಳ ಸರಾಸರಿ ೧೩೫/೮೫ ಮುಟ್ಟಿದರೆ ಅಧಿಕವೆಂದೆಣಿಸುವರು. ಆಸ್ಪತ್ರೆಯಲ್ಲಿ ಆ ಮೇರೆ ೧೪೦/೯೦.

ಮಗ್ಗದಿಂದೆದ್ದೊಡನೆ ಅಳೆಯಬಾರದು. ಚಹ ತಂಬಾಕುಗಳನ್ನು ಅರ್ಧ ಗಂಟೆ ಮೊದಲೇ ಬಿಟ್ಟು, ಐದು ನಿಮಿಷ ಮೌನವಾಗಿ, ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ನಿಮಿಷದಂತರದಲ್ಲಿ ಎರಡು ಸಲ ಅಳೆಯತಕ್ಕದ್ದು. ಪಟ್ಟಿಯು ತೋಳಿಗೆ ಚಿಕ್ಕದಾದರೆ ಅಂಕೆ ಸುಳ್ಳಾಗಿ ಏರುವುದು.

ಮೇಲೆ ಹೇಳಿದ ನೇಕಾರರು ತೋಳಪಟ್ಟಿಯ ಯಂತ್ರವನ್ನು ಕೊಂಡು ಈ ಕ್ರಮದಿಂದ ಅಳೆದರು. ಮೊದಲ ವಾರದಲ್ಲಿ ಮೇಲಿನ ಅಂಕೆ ೧೬೦ರ ಆಸುಪಾಸಿನಲ್ಲಿತ್ತು. ಆ ದಾಖಲೆಯನ್ನು ನೋಡಿದ ವೈದ್ಯರು ಗುಳಿಗೆಯನ್ನು ಪುನಃ ಪ್ರಾರಂಭಿಸಿದರು.